ಮನೆಯಲ್ಲಿ ಮಾಡಿದ ಚಟ್ನಿಪುಡಿ ಅಂಚೆಯಲ್ಲಿ ಕಳಿಸಿ ಮಾರುವುದು: ತುಮಕೂರು, ಕೋಲಾರ ಕಡೆ ಯಾರಾದರೂ ಮಾಡುತ್ತಿದ್ದೀರಾ?

ಹುಚ್ಚೆಳ್ಳು_ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮಕೂರಲ್ಲಿ, ಬಿ.ಹೆಚ್. ರಸ್ತೆಯಿಂದ ಸ್ವಲ್ಪ ಒಳಗೆ. ಮಗುವಿಗೆ ಎರಡು ವರ್ಷ, ಅತ್ತೆಗೆ ಮಂಡಿ ನೋವು, ಹಾಗಾಗಿ ನಾನು ಹೊರಗೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಹುಚ್ಚೆಳ್ಳು ಚಟ್ನಿಪುಡಿ, ಹುಣಸೆ ತೊಕ್ಕು ಚೆನ್ನಾಗಿ ಮಾಡುತ್ತೇನೆ. ಬೆಂಗಳೂರಿನ ನೆಂಟರು ಬಂದಾಗಲೆಲ್ಲ ಡಬ್ಬಿ ತುಂಬಿಸಿಕೊಂಡು ಹೋಗುತ್ತಾರೆ, ಆಮೇಲೆ ಅವರ ಆಫೀಸಿನವರೂ ಕೇಳುತ್ತಾರೆ. ಇದನ್ನೇ ಪಾರ್ಸೆಲ್ ಮಾಡಿ ಮಾರಬಹುದಲ್ವಾ ಅನ್ನಿಸಿದೆ.

ಇದೇ ಹೊತ್ತಿಗೆ ಒಂದು ಫೋನ್ ಬಂತು. ‘ಮನೆಯಲ್ಲೇ ಕೂತು ಅಂಚೆ ವ್ಯಾಪಾರ’ ಅಂತ ಒಂದು ಪ್ಯಾಕೇಜ್ ಇದೆಯಂತೆ. 24,500 ಕಟ್ಟಿದರೆ ಅವರೇ ಸಾಮಾನು ಕೊಡುತ್ತಾರೆ, ಗಿರಾಕಿಗಳ ವಿಳಾಸದ ಪಟ್ಟಿ ಕೊಡುತ್ತಾರೆ, ನಾವು ಪ್ಯಾಕ್ ಮಾಡಿ ಕಳಿಸಿದರೆ ಸಾಕು, ತಿಂಗಳಿಗೆ 15 ಸಾವಿರ ಗ್ಯಾರಂಟಿ ಅಂದರು. ನಮ್ಮ ಮನೆಯವರು ಬೇಡ ಅಂತಿದ್ದಾರೆ. ನನಗೆ ಮನಸ್ಸು ಅತ್ತಿತ್ತ ಆಗುತ್ತಿದೆ. ಶುಕ್ರವಾರದೊಳಗೆ ಹೇಳಬೇಕಂತೆ. ತಿಳಿದವರು ದಯವಿಟ್ಟು ಹೇಳಿ.

ಮುಳಬಾಗಿಲು_563131

ಅಕ್ಕ, ಕಟ್ಟಬೇಡಿ. ಮೊದಲು ಇದನ್ನು ಓದಿ.

2019ರಲ್ಲಿ ನಾನು 18,000 ಕಟ್ಟಿದ್ದೆ. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಆಗ ನನಗೆ ಕೆಲಸ ಇರಲಿಲ್ಲ, ಅಪ್ಪನ ಟೊಮೆಟೊ ಬೆಳೆಗೆ ಆ ವರ್ಷ ರೇಟೇ ಸಿಗಲಿಲ್ಲ, ಏನಾದರೂ ಮಾಡಲೇಬೇಕು ಅನ್ನುವ ಸ್ಥಿತಿ. ಒಂದು ರಟ್ಟಿನ ಪೆಟ್ಟಿಗೆ ಬಂತು. ಅದರಲ್ಲಿ ಯಾವುದೋ ಶಕ್ತಿವರ್ಧಕ ಪುಡಿಯ 50 ಪ್ಯಾಕೆಟ್, ಬಣ್ಣದ ಕ್ಯಾಟಲಾಗ್ ಒಂದು ಕಟ್ಟು, 300 ಜನರ ವಿಳಾಸದ ಪಟ್ಟಿ. ನಾನು ನನ್ನದೇ ದುಡ್ಡಲ್ಲಿ ಅಂಚೆಚೀಟಿ ಹಚ್ಚಿ 120 ಕ್ಯಾಟಲಾಗ್ ಕಳಿಸಿದೆ. ‘ವಿಳಾಸದಲ್ಲಿ ಇಲ್ಲ’ ಅಂತ ಬರೆಸಿಕೊಂಡು ಒಂದೊಂದೇ ವಾಪಸ್ ಬಂದವು. ಒಂದು ಕಾಗದದ ಹಿಂದೆ ‘ಇವರು ತೀರಿಹೋಗಿ ಆರು ವರ್ಷ ಆಯಿತು’ ಅಂತ ಯಾರೋ ಪೆನ್ನಲ್ಲಿ ಬರೆದಿದ್ದರು. ಅದನ್ನು ಓದಿದ ದಿನ ಊಟ ಸೇರಲಿಲ್ಲ.

ದುಡ್ಡು ಕೇಳಲು ಫೋನ್ ಮಾಡಿದರೆ, ‘ನಿಮ್ಮ ಕೆಳಗೆ ಇನ್ನೂ ಮೂರು ಜನರನ್ನು ಸೇರಿಸಿ, ನಿಮ್ಮ ದುಡ್ಡು ವಾಪಸ್ ಬರುತ್ತದೆ’ ಅಂದರು. ಆಗ ಗೊತ್ತಾಯಿತು, ಅವರು ಪುಡಿ ಮಾರುತ್ತಿರಲಿಲ್ಲ, ನಮ್ಮಂಥವರು ಕಟ್ಟುವ ದುಡ್ಡೇ ಅವರ ವ್ಯಾಪಾರ. ನಾನು ಮೂರು ಜನರನ್ನು ಸೇರಿಸಲಿಲ್ಲ. ನಮ್ಮ ಚಿಕ್ಕಪ್ಪನ ಮಗನನ್ನು ಸೇರಿಸೋಣ ಅಂತ ಒಂದು ಕ್ಷಣ ಯೋಚಿಸಿದ್ದೆ, ಅದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಕೆಲಸ ಕೊಡುವವರು ದುಡ್ಡು ಕೊಡಬೇಕು. ಕೆಲಸ ಕೊಡುತ್ತೇವೆ ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ‘ಶುಕ್ರವಾರದೊಳಗೆ’ ಅನ್ನುವುದು ನಿಮಗೆ ಯೋಚಿಸಲು ಬಿಡಬಾರದು ಅಂತ ಮಾತ್ರ.

ಲೆಕ್ಕದ_ಪುಸ್ತಕ

ಮುಳಬಾಗಿಲಿನವರು ಹೇಳಿದ್ದು ಪೂರ್ತಿ ಸರಿ. ಜನರನ್ನು ಸೇರಿಸಿದ್ದಕ್ಕೆ ದುಡ್ಡು ಕೊಡುವ ಸರಪಳಿ ವ್ಯವಹಾರಕ್ಕೆ 1978ರ ಕಾಯ್ದೆಯಲ್ಲೇ ನಿಷೇಧ ಇದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳೂ ಇಂಥ ಪಿರಮಿಡ್ ಸ್ಕೀಮನ್ನು ನಿಷೇಧಿಸಿವೆ. ಸೇರಿಕೊಳ್ಳುವವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುವ ಹಾಗೂ ಇಲ್ಲ.

ಯಾರಾದರೂ ಈಗಾಗಲೇ ಆನ್‌ಲೈನಲ್ಲಿ ದುಡ್ಡು ಹಾಕಿ ಮೋಸ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಆ ದುಡ್ಡನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ನಾಚಿಕೆ ಪಟ್ಟುಕೊಂಡು ಎರಡು ದಿನ ಸುಮ್ನೆ ಕೂರಬೇಡಿ.

ತೆರಿಗೆ, ಲೈಸೆನ್ಸ್ ವಿಷಯ ಬೇಕಿದ್ದರೆ ಕೇಳಿ, ಬರೆಯುತ್ತೇನೆ.

ಚಿಂತಾಮಣಿ_ಅಡುಗೆಮನೆ

ಹುಚ್ಚೆಳ್ಳು ಅವರೇ, ಆ ಪ್ಯಾಕೇಜ್ ಬಿಡಿ. ಆದರೆ ಚಟ್ನಿಪುಡಿ ಯೋಚನೆಯನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಾಲ್ಕು ವರ್ಷದಿಂದ ನಾನು ರಾಗಿ ಹುರಿಹಿಟ್ಟು, ಕಡಲೆಕಾಯಿ ಚಟ್ನಿಪುಡಿ, ನಿಪ್ಪಟ್ಟು ಕಳಿಸುತ್ತಿದ್ದೇನೆ. ಮೊದಲ ವರ್ಷ ದುಡಿದೆ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ ಏನೂ ಉಳಿದಿರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಾನು 250 ಗ್ರಾಂ ಪ್ಯಾಕೆಟ್ ಮಾಡುತ್ತಿದ್ದೆ. ಎರಡು ಪ್ಯಾಕೆಟ್ ಸೇರಿದರೆ 500 ಗ್ರಾಂ, ಅದರ ಮೇಲೆ ರಟ್ಟಿನ ಡಬ್ಬಿ, ಟೇಪು. ಸ್ಪೀಡ್ ಪೋಸ್ಟಿನಲ್ಲಿ ತೂಕಕ್ಕೆ ಮೆಟ್ಟಿಲಿದೆ: 50 ಗ್ರಾಂ, 250 ಗ್ರಾಂ, 500 ಗ್ರಾಂ, ಆಮೇಲೆ ಪ್ರತಿ 500 ಗ್ರಾಂಗೂ ಇನ್ನೊಂದು ಮೆಟ್ಟಿಲು. ನನ್ನ ಪಾರ್ಸೆಲ್ 560 ಗ್ರಾಂ ತೂಗುತ್ತಿತ್ತು. ಬರೀ 60 ಗ್ರಾಂಗೋಸ್ಕರ ಮೇಲಿನ ಮೆಟ್ಟಿಲಿನ ದುಡ್ಡು ಕಟ್ಟುತ್ತಿದ್ದೆ, ಅದೂ ಒಂದು ವರ್ಷ! ಕೌಂಟರಿನಲ್ಲಿದ್ದ ಮೇಡಂ ಒಂದು ದಿನ, ‘ಯಾಕ್ರೀ ಪ್ಯಾಕೆಟ್ ಸ್ವಲ್ಪ ಚಿಕ್ಕದು ಮಾಡಬಾರದಾ?’ ಅಂದರು. ಅವತ್ತಿಂದ 200 ಗ್ರಾಂ ಪ್ಯಾಕೆಟ್. ಎರಡು ಹಾಕಿ ಡಬ್ಬಿ ಸೇರಿದರೂ 470 ದಾಟುವುದಿಲ್ಲ. ಇನ್ನೂರು ಮುನ್ನೂರು ರೂಪಾಯಿಯ ಒಂದು ಚಿಕ್ಕ ತಕ್ಕಡಿ ಮನೆಯಲ್ಲಿ ಇಟ್ಟುಕೊಳ್ಳಿ.

ಈಗಿನ ಲೆಕ್ಕ ಹೇಳುತ್ತೇನೆ. ಎರಡು ಪ್ಯಾಕೆಟ್‌ಗೆ 300 ರೂಪಾಯಿ ಬೆಲೆ. ಕಾಳು, ಮೆಣಸಿನಕಾಯಿ, ಬೆಲ್ಲ ಎಲ್ಲ ಸೇರಿ 110. ಪೌಚು, ಲೇಬಲ್ 16. ಡಬ್ಬಿ, ಟೇಪು 22. ಗ್ಯಾಸು, ಮಿಲ್ಲು 14. ಒಟ್ಟು 162 ಹೋಗಿ 138 ಉಳಿಯುತ್ತದೆ. ಅಂಚೆ ಖರ್ಚು ಬೆಂಗಳೂರಿಗೆ ತೆರಿಗೆ ಸೇರಿ 85ರ ಹತ್ತಿರ, ಅದನ್ನು ಗಿರಾಕಿಯಿಂದ ಬೇರೆ ತೆಗೆದುಕೊಳ್ಳುತ್ತೇನೆ. ‘ಡೆಲಿವರಿ ಫ್ರೀ’ ಅಂತ ಹಾಕಿಬಿಟ್ಟರೆ ಕೈಯಲ್ಲಿ ಉಳಿಯುವುದು 53. ಆ 53ರಲ್ಲಿ ನಿಮ್ಮ ಕೂಲಿ ಎಲ್ಲಿ? ಹುರಿದವರು, ತುಂಬಿದವರು, ವಿಳಾಸ ಬರೆದವರು, ಅಂಚೆ ಕಚೇರಿಗೆ ನಡೆದವರು ನೀವೇ ಅಲ್ವಾ?

ನಮ್ಮ ಹೆಣ್ಣುಮಕ್ಕಳು ಲೆಕ್ಕ ಹಾಕುವಾಗ ತಮ್ಮ ದುಡಿಮೆಯನ್ನು ಸೊನ್ನೆ ಅಂತ ಬರೆಯುತ್ತಾರೆ, ಮನೆ ಕೆಲಸದ ಜೊತೆಗೇ ಆಗಿಹೋಗುತ್ತದೆ ಅಂತ. ಹಾಗೆ ಬರೆದರೆ ಎಲ್ಲ ವ್ಯಾಪಾರವೂ ಲಾಭವೇ ಕಾಣುತ್ತದೆ. ಗಂಟೆಗೆ ಇಷ್ಟು ಅಂತ ನಿಮ್ಮ ಕೂಲಿ ಬರೆಯಿರಿ, ಆಮೇಲೆ ಬೆಲೆ ಕಟ್ಟಿ. ಬೆಲೆ ಜಾಸ್ತಿ ಅನ್ನುವವರು ಅನ್ನಲಿ. ನನ್ನ ಗಿರಾಕಿಗಳಲ್ಲಿ ಮತ್ತೆ ಮತ್ತೆ ತರಿಸಿಕೊಳ್ಳುವ 40 ಮನೆಗಳಿವೆ, ನನ್ನ ಸಂಪಾದನೆ ಪೂರ್ತಿ ಆ 40 ಮನೆಯಿಂದ. ಒಂದು ಸಲ ತರಿಸಿ ಸುಮ್ಮನಾದವರಿಂದ ಪೌಚಿನ ಖರ್ಚೂ ಹುಟ್ಟುವುದಿಲ್ಲ.

ಹುಚ್ಚೆಳ್ಳು_ತುಮಕೂರು

ಕಣ್ಣಲ್ಲಿ ನೀರು ಬಂತು, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆ ಫೋನಿನವರಿಗೆ ಬೇಡ ಅಂತ ಹೇಳಿದೆ. ಮುಳಬಾಗಿಲಿನ ತಮ್ಮ, ನಿನಗೆ ಆದದ್ದು ಓದಿ ಸಂಕಟ ಆಯಿತು, ಬರೆದದ್ದಕ್ಕೆ ಥ್ಯಾಂಕ್ಸ್.

ಲೆಕ್ಕದ ಪುಸ್ತಕ ಸರ್, ಲೈಸೆನ್ಸ್ ಬಗ್ಗೆ ಹೇಳಿ. ಅಕ್ಕ, ಗಿರಾಕಿಗೆ ಪಾರ್ಸೆಲ್ ತಲುಪಿದ ಮೇಲೆ ದುಡ್ಡು ತೆಗೆದುಕೊಳ್ಳಬೇಕಾ, ಮೊದಲೇ ತೆಗೆದುಕೊಳ್ಳಬೇಕಾ?

ಹಳೇ_ಅಂಚೆಚೀಟಿ

ಈ ಪ್ರಶ್ನೆಗೆ ನಾನು ಹೇಳಬಹುದು ತಾಯಿ. ಕೋಲಾರ ವಿಭಾಗದಲ್ಲಿ 31 ವರ್ಷ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ.

ತಲುಪಿದ ಮೇಲೆ ದುಡ್ಡು ಅನ್ನುವುದು ಈಗಿನ ಮೊಬೈಲ್ ಕಾಲದವರು ಕಂಡುಹಿಡಿದದ್ದಲ್ಲ. ನಮ್ಮ ಇಲಾಖೆ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಶುರು ಮಾಡಿದ್ದು 1877ರಲ್ಲಿ. ಪೋಸ್ಟ್‌ಮ್ಯಾನ್ ಪಾರ್ಸೆಲ್ ತೆಗೆದುಕೊಂಡು ಮನೆ ಬಾಗಿಲಿಗೆ ಹೋಗಿ ದುಡ್ಡು ವಸೂಲಿ ಮಾಡುತ್ತಿದ್ದ, ಆ ದುಡ್ಡು ಮನಿಯಾರ್ಡರಿನಲ್ಲಿ ಮಾರಿದವರಿಗೆ ಹೋಗುತ್ತಿತ್ತು. ಪುಸ್ತಕ, ಗಡಿಯಾರ, ರೇಡಿಯೋ, ಬೀಜ, ಔಷಧಿ ಎಲ್ಲ ಹೀಗೇ ಹಳ್ಳಿ ಹಳ್ಳಿಗೆ ಬರುತ್ತಿದ್ದವು. ಶ್ರೀನಿವಾಸಪುರದ ಕಡೆ ಒಬ್ಬ ರೈತರು ವಿ.ಪಿ.ಪಿ.ಯಲ್ಲಿ ಕೈಗಡಿಯಾರ ತರಿಸಿ, ದುಡ್ಡು ಕಟ್ಟಿ, ಬಿಚ್ಚಿ ನೋಡಿದರೆ ಒಳಗೆ ಹೆಂಚಿನ ಚೂರು. ಬಿಚ್ಚಿದ್ದು ನನ್ನ ಮುಂದೆಯೇ. ಅವರು ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. ಕಳಿಸಿದವರು ಯಾರೋ, ಆದರೆ ಅವರ ಕಣ್ಣಿಗೆ ಕಂಡವನು ನಾನು.

ಅದಕ್ಕೇ ಹೇಳುತ್ತೇನೆ, ಗುರುತಿಲ್ಲದವರಿಗೆ ಮೊದಲೇ ದುಡ್ಡು ಕಳಿಸಲು ಗಿರಾಕಿ ಹೆದರುವುದು ಸಹಜ. ತಲುಪಿದ ಮೇಲೆ ದುಡ್ಡು ಅಂದರೆ ಮಾರುವವರಿಗೆ ಹೆದರಿಕೆ, ತೆಗೆದುಕೊಳ್ಳದೇ ವಾಪಸ್ ಕಳಿಸಿದರೆ ಹೋಗುವ, ಬರುವ ಎರಡೂ ಖರ್ಚು ಮೈಮೇಲೆ. ನೀವು ಗುರುತಿನವರಿಂದ ಶುರು ಮಾಡಿ. ನೆಂಟರ ಆಫೀಸಿನವರು ಇದ್ದಾರಲ್ಲ, ಅವರಿಗೆ ನಿಮ್ಮ ಮೇಲೆ ನಂಬಿಕೆ ಇದೆ, ಮೊದಲೇ ದುಡ್ಡು ಹಾಕುತ್ತಾರೆ.

ಇನ್ನೊಂದು. ವಿಳಾಸದಲ್ಲಿ ಪಿನ್‌ಕೋಡ್ ತಪ್ಪಿದರೆ ಪಾರ್ಸೆಲ್ ಊರೂರು ಸುತ್ತುತ್ತದೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಮೊದಲ ಮೂರು ಅಂಕಿ ಯಾವ ಕಡೆಯ ವಿಂಗಡಣೆ ಅಂತ ಹೇಳುತ್ತವೆ. ತುಮಕೂರಿಗೆ 572, ಕೋಲಾರಕ್ಕೆ 563, ಚಿಕ್ಕಬಳ್ಳಾಪುರಕ್ಕೆ 562. ಆದರೆ ನೋಡಿ, ಚಿಂತಾಮಣಿ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ, ಪಿನ್‌ಕೋಡ್ ಮಾತ್ರ ಈಗಲೂ 563125. ಜಿಲ್ಲೆ ಚಿಕ್ಕಬಳ್ಳಾಪುರ ಅಲ್ವಾ ಅಂತ ಯಾರೋ 562 ಅಂತ ತಿದ್ದಿ ಕಳಿಸುತ್ತಾರೆ, ಪಾರ್ಸೆಲ್ ತಡ ಆಗುತ್ತದೆ. ಊರಿನ ಹೆಸರು ನೋಡಿ ಊಹೆ ಮಾಡಬೇಡಿ, ಗಿರಾಕಿಯಿಂದಲೇ ಆರೂ ಅಂಕಿ ಬರೆಸಿಕೊಳ್ಳಿ, ಫೋನ್ ನಂಬರ್ ಸಹ.

ಕಳೆದ ತಲೆಮಾರಿನವರು ರಿಜಿಸ್ಟರ್ ಪೋಸ್ಟ್ ಮಾಡಿ ಅಂತ ಹೇಳಿದರೆ ಗೊಂದಲ ಬೇಡ. 2025ರಲ್ಲಿ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿದೆ.

ಚಿಂತಾಮಣಿ_ಅಡುಗೆಮನೆ

ಅಂಚೆ ಸರ್ ಹೇಳಿದ್ದು ನೂರಕ್ಕೆ ನೂರು ನಿಜ, ನನ್ನದೇ ಎರಡು ಪಾರ್ಸೆಲ್ ಹಾಗೆ ಸುತ್ತಿವೆ!

ದುಡ್ಡಿನ ವಿಷಯ: ಮೊದಲೇ ತೆಗೆದುಕೊಳ್ಳಿ, ಆದರೆ ಸ್ಕ್ರೀನ್‌ಶಾಟ್ ನೋಡಿ ಕಳಿಸಬೇಡಿ. ದೀಪಾವಳಿ ಸಮಯದಲ್ಲಿ ಒಬ್ಬರು 2,400 ರೂಪಾಯಿಯ ನಿಪ್ಪಟ್ಟು ಆರ್ಡರ್ ಕೊಟ್ಟು ದುಡ್ಡು ಹಾಕಿದ ಚಿತ್ರ ಕಳಿಸಿದರು. ಗಡಿಬಿಡಿಯಲ್ಲಿ ನಾನು ಪಾಸ್‌ಬುಕ್ ನೋಡಲಿಲ್ಲ. ದುಡ್ಡು ಬಂದೇ ಇರಲಿಲ್ಲ. ನಿಮ್ಮ ಖಾತೆಯಲ್ಲಿ ದುಡ್ಡು ಕಂಡ ಮೇಲೆ ಡಬ್ಬಿಗೆ ಟೇಪು ಹಾಕಿ. ದುಡ್ಡು ತೆಗೆದುಕೊಳ್ಳುವುದಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ, ಒತ್ತಿ ಅಂತ ಯಾರಾದರೂ ಹೇಳಿದರೆ ಅದು ಮೋಸ.

ಮತ್ತೆ, ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ. ಲೇಬಲ್ ಮೇಲೆ ನಂಬರ್ ಹಾಕಲೇಬೇಕು, ರಾತ್ರಿ ಹನ್ನೊಂದಕ್ಕೆ ಬೇಡದ ಫೋನುಗಳು ಬರುತ್ತವೆ. ಆರು ಗಂಟೆಗೆ ಆ ಫೋನ್ ಆಫ್ ಮಾಡಿ ಮಗುವಿನ ಜೊತೆ ಕೂತುಕೊಳ್ಳಿ.

ಲೆಕ್ಕದ_ಪುಸ್ತಕ

ಮೇಡಂ, ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಮನೆ ಅಡುಗೆಮನೆ ಆದರೂ ಸರಿ. ನಮ್ಮ ಅಕ್ಕನಿಗೆ ನಾನೇ ಮಾಡಿಸಿದ್ದು, ಆಗ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಇದ್ದರೆ ಆನ್‌ಲೈನಲ್ಲಿ ಹಾಕಬಹುದು. 14 ಅಂಕಿಯ ನಂಬರ್ ಸಿಗುತ್ತದೆ, ಅದನ್ನು ಪ್ರತಿ ಪ್ಯಾಕೆಟ್ ಮೇಲೆ ಹಾಕಬೇಕು. ಜೊತೆಗೆ ಏನೇನು ಹಾಕಿದ್ದೀರಿ, ನಿವ್ವಳ ತೂಕ, ತಯಾರಿಸಿದ ದಿನ, ಯಾವಾಗಿನ ತನಕ ತಿನ್ನಬಹುದು, ಎಲ್ಲ ತೆರಿಗೆ ಸೇರಿದ ಬೆಲೆ, ನಿಮ್ಮ ಹೆಸರು, ವಿಳಾಸ, ದೂರು ಹೇಳಲು ನಂಬರ್, ಸಸ್ಯಾಹಾರದ ಹಸಿರು ಗುರುತು. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿಯೂ ಮಾಡಿಸಿ, ಸರ್ಕಾರಿ ಜಾಲತಾಣದಲ್ಲಿ ಅದು ಪೂರ್ತಿ ಉಚಿತ. ಅದೇ ಥರ ಕಾಣುವ ಖಾಸಗಿ ಜಾಲತಾಣಗಳು ಸಾವಿರ ಎರಡು ಸಾವಿರ ಕೇಳುತ್ತವೆ, ಅಲ್ಲಿ ಕಟ್ಟಬೇಡಿ.

ಈಗ ಜಿಎಸ್‌ಟಿ. ಇದನ್ನು ನಿಧಾನವಾಗಿ ಓದಿ, ಹೆಚ್ಚಿನವರು ಎಡವುವುದು ಇಲ್ಲೇ. ಸರಕು ಮಾರುವವರಿಗೆ ಕರ್ನಾಟಕದ ಒಳಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನ ತನಕ ನೋಂದಣಿ ಬೇಡ. ಸರಿ, ನಮಗೆ 40 ಲಕ್ಷ ಎಲ್ಲಿ ಆಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬೇರೆ ರಾಜ್ಯಕ್ಕೆ ಮಾರಿದರೆ ಈ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಚೆನ್ನೈಗೋ ಹೈದರಾಬಾದಿಗೋ ಚಟ್ನಿಪುಡಿ ಮಾರುವುದಾದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಅಂಗಡಿ ಇಟ್ಟವರಿಗೆ ಈ ತೊಂದರೆ ಬರುವುದು ಕಮ್ಮಿ, ಅಂಚೆಯಲ್ಲಿ ಮಾರುವವರಿಗೆ ಎರಡನೇ ತಿಂಗಳಲ್ಲೇ ಬರುತ್ತದೆ. ಕೋಲಾರ ಜಿಲ್ಲೆಯವರಿಗೆ ಆಂಧ್ರ, ತಮಿಳುನಾಡು ಎರಡೂ ಬಾಗಿಲ ಪಕ್ಕದಲ್ಲೇ ಇವೆಯಲ್ಲ. ಹಾಗಾಗಿ ಮೊದಲ ವರ್ಷ ಕರ್ನಾಟಕದ ಒಳಗೇ ಕಳಿಸಿ ಅನ್ನುವುದು ನನ್ನ ಸಲಹೆ. ದೊಡ್ಡ ಆನ್‌ಲೈನ್ ಅಂಗಡಿಗಳ ಮೂಲಕ ಮಾರುವುದಾದರೂ 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಜಿಎಸ್‌ಟಿ ಇಲ್ಲದೇ ಒಂದು ದಾಖಲಾತಿ ನಂಬರ್ ತೆಗೆದುಕೊಂಡು ಮಾರಲು ಅವಕಾಶ ಇದೆ, ಅದೂ ರಾಜ್ಯದ ಒಳಗೆ ಮಾತ್ರ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದದ್ದು ನೆನಪಿರಬೇಕು. ಎಷ್ಟೋ ಜನರ ತೊಂದರೆ ಏನು ಅಂದರೆ ಮನೆ ದುಡ್ಡು, ವ್ಯಾಪಾರದ ದುಡ್ಡು ಒಂದೇ ಖಾತೆಯಲ್ಲಿ. ಮೊದಲ ದಿನದಿಂದಲೇ ಬೇರೆ ಖಾತೆ ತೆರೆದು, ಒಂದು ನೋಟ್‌ಬುಕ್ ಇಡಿ. 200 ಪೇಜಿನದು ಸಾಕು.

ಗುಬ್ಬಿ_ಸಂಘ

ನಮ್ಮ ಸ್ವಸಹಾಯ ಸಂಘಕ್ಕೆ 2023ರಲ್ಲಿ, ಕೇಂದ್ರ ಸರ್ಕಾರ ಸಣ್ಣ ಆಹಾರ ಉದ್ಯಮಗಳಿಗೆ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬೀಜಧನ ಬಂತು, ಸದಸ್ಯರಿಗೆ ತಲಾ 40,000 ತನಕ ಸಾಲದ ರೂಪದಲ್ಲಿ. ಅದರಲ್ಲಿ ಸೀಲಿಂಗ್ ಮೆಷಿನ್ ತೆಗೆದುಕೊಂಡೆವು. ಒಬ್ಬರೇ ಮಾಡುವುದಕ್ಕಿಂತ ಪಕ್ಕದ ಇಬ್ಬರನ್ನು ಸೇರಿಸಿಕೊಳ್ಳಿ ಅಕ್ಕ, ಜ್ವರ ಬಂದ ದಿನ ಆರ್ಡರ್ ನಿಲ್ಲುವುದಿಲ್ಲ.

ತಿಪಟೂರು_ಕೊಬ್ಬರಿ

ಹುಣಸೆ ತೊಕ್ಕನ್ನು ಗಾಜಿನ ಬಾಟಲಿಯಲ್ಲಿ ಕಳಿಸಬೇಡಿ. ಉಪ್ಪಿನಕಾಯಿ ಕಳಿಸಲು ಹೋಗಿ ನನ್ನದು ಒಡೆದು, ಚೀಲದಲ್ಲಿದ್ದ ಬೇರೆಯವರ ಕಾಗದಪತ್ರಕ್ಕೆಲ್ಲ ಎಣ್ಣೆ ಹತ್ತಿತ್ತು. ನನ್ನ ನಷ್ಟಕ್ಕಿಂತ ಅದರಿಂದ ಜಾಸ್ತಿ ಬೇಜಾರಾಯಿತು. ಮೊದಲು ಪುಡಿ ಮಾತ್ರ ಕಳಿಸಿ. ಬೆಂಗಳೂರಿಗೆ ಒಂದೇ ಸಲ ಹತ್ತು ಕೆಜಿ ಹೋಗುವ ಹಾಗಾದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ವಿಚಾರಿಸಿ, 2021ರಿಂದ ಇದೆ, ಬಸ್‌ಸ್ಟ್ಯಾಂಡಲ್ಲಿ ನೆಂಟರು ಬಂದು ತೆಗೆದುಕೊಳ್ಳಬಹುದು.

ಪುಡಿಗೆ ಕೊಬ್ಬರಿ ಹಾಕುತ್ತೀರಾ? ಹಾಕುವುದಾದರೆ ಹೇಳಿ, ಅದರ ಬಗ್ಗೆ ಮಾತಾಡಬೇಕು.

ಹುಚ್ಚೆಳ್ಳು_ತುಮಕೂರು

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಸುಮ್ನೆ ಇರಲಿಲ್ಲ, ಕೆಲಸ ಶುರು ಮಾಡಿದೆ.

ನೋಂದಣಿ ನಂಬರ್ ಬಂತು. ಬೇರೆ ಖಾತೆ, ಬೇರೆ ಸಿಮ್, ನೋಟ್‌ಬುಕ್ ಎಲ್ಲ ಮಾಡಿದೆ. ಪ್ಯಾಕೆಟ್ 200 ಗ್ರಾಂ. ಇಲ್ಲಿಯ ತನಕ 61 ಪಾರ್ಸೆಲ್ ಕಳಿಸಿದ್ದೇನೆ, ಎಲ್ಲ ಕರ್ನಾಟಕದ ಒಳಗೇ. ನಮ್ಮ ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅಂಚೆ ಕಚೇರಿಯಲ್ಲಿ ಕೊಟ್ಟು ಹೋಗುತ್ತಾರೆ. ವಿಳಾಸ ಬರೆಯುವ ಕೆಲಸ ಅತ್ತೆಯದು, ಅವರ ಅಕ್ಷರ ನನಗಿಂತ ಚೆಂದ. ಮಂಡಿ ನೋವಿನಿಂದ ಮನೆಯಲ್ಲಿ ಸುಮ್ನೆ ಕೂತು ಬೇಸರ ಆಗಿದ್ದವರು ಈಗ ದಿನಾ ‘ಇವತ್ತು ಎಷ್ಟಿದೆಯಮ್ಮ?’ ಅಂತ ಕೇಳುತ್ತಾರೆ. ಅವರ ಕೂಲಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ ಚಿಂತಾಮಣಿ ಅಕ್ಕ. ತಿಂಗಳ ಕೊನೆಗೆ ಕೈಗೆ ಕೊಟ್ಟಾಗ ಮೊದಲು ಬೇಡ ಅಂದರು, ಆಮೇಲೆ ಸೆರಗಿಗೆ ಕಟ್ಟಿಕೊಂಡರು.

61ರಲ್ಲಿ 19 ಎರಡನೇ ಸಲ ತರಿಸಿಕೊಂಡವರದು. ತಿಂಗಳಿಗೆ 15 ಸಾವಿರ ಏನೂ ಬರುತ್ತಿಲ್ಲ, ಹತ್ತಿರವೂ ಇಲ್ಲ. ಹೋದ ತಿಂಗಳು ಎಲ್ಲ ಖರ್ಚು, ಅತ್ತೆಯ ಕೂಲಿ ಕಳೆದು 2,900 ಉಳಿಯಿತು. ಅದು ನನ್ನ ದುಡ್ಡು.

ಈಗ ಒಂದು ತೊಂದರೆ, ತಿಪಟೂರಿನವರೇ, ನೀವು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಬೇಕಿತ್ತು. ಹೌದು, ಕೊಬ್ಬರಿ ಹಾಕುತ್ತೇನೆ. ಧಾರವಾಡಕ್ಕೆ ಕಳಿಸಿದ ಪಾರ್ಸೆಲ್ ಬಗ್ಗೆ ಅವರು ಫೋನ್ ಮಾಡಿ, ಮೂರು ವಾರಕ್ಕೇ ಕಮಟು ವಾಸನೆ ಬಂತು ಅಂದರು. ಮಳೆ ಬೇರೆ ಹಿಡಿದಿದೆ, ಇನ್ನೊಂದು ಕಡೆ ಪುಡಿ ಗಂಟುಗಟ್ಟಿತು. ಇಬ್ಬರಿಗೂ ಬೇರೆ ಪ್ಯಾಕೆಟ್ ಕಳಿಸಿದೆ. ಏನು ಮಾಡಲಿ?

ತಿಪಟೂರು_ಕೊಬ್ಬರಿ

ಬೇರೆ ಕಳಿಸಿದ್ದು ಒಳ್ಳೆಯದು ಮಾಡಿದಿರಿ, ಆ ಇಬ್ಬರು ಇನ್ನು ನಿಮ್ಮನ್ನು ಬಿಡುವುದಿಲ್ಲ.

ಕೊಬ್ಬರಿಯಲ್ಲೂ ಎಣ್ಣೆ, ಹುಚ್ಚೆಳ್ಳಿನಲ್ಲೂ ಎಣ್ಣೆ. ಪುಡಿ ಮಾಡಿದ ಮೇಲೆ ಗಾಳಿ ತಾಗಿದಷ್ಟೂ ಕಮಟು ಬೇಗ. ಒಳಗೆ ತೇವ ಉಳಿದ ಕೊಬ್ಬರಿ ತೆಗೆದುಕೊಳ್ಳಬೇಡಿ. ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಅನ್ನಬೇಕು, ಒಡೆದಾಗ ಒಳಗೆಲ್ಲ ಬೆಳ್ಳಗಿರಬೇಕು, ಒಂದು ಚುಕ್ಕೆ ಬೂಷ್ಟು ಇದ್ದರೂ ಆ ಹೋಳು ಬಿಟ್ಟುಬಿಡಿ. ತುರಿದು, ಸಣ್ಣ ಉರಿಯಲ್ಲಿ ತೇವ ಹೋಗುವ ತನಕ ಹುರಿಯಿರಿ, ಕೆಂಪಾಗುವುದು ಬೇಡ. ಹುರಿದದ್ದೆಲ್ಲ ಅಗಲದ ತಟ್ಟೆಯಲ್ಲಿ ಪೂರ್ತಿ ಆರಬೇಕು. ಬಿಸಿ ಇದ್ದಾಗಲೇ ಪೌಚಿಗೆ ತುಂಬಿದರೆ ಒಳಗೆ ಬೆವರುತ್ತದೆ, ನಿಮ್ಮ ಗಂಟು ಅಲ್ಲಿಂದಲೇ ಬಂದಿರಬೇಕು. ಮಿಲ್ಲಿಂದ ತಂದ ಪುಡಿಯೂ ಬಿಸಿ ಇರುತ್ತದೆ, ಅದನ್ನೂ ಆರಿಸಿ. ಒಳಗೆ ಬೆಳ್ಳಿ ಬಣ್ಣ ಇರುವ ದಪ್ಪ ಪೌಚು ತೆಗೆದುಕೊಳ್ಳಿ, ಗಾಳಿ ಒತ್ತಿ ತೆಗೆದು ಸೀಲ್ ಮಾಡಿ.

ಮಳೆಗಾಲ ಮುಗಿಯುವ ತನಕ ಕೊಬ್ಬರಿ ಇಲ್ಲದ ಪುಡಿ ಒಂದು, ಇರುವ ಪುಡಿ ಒಂದು ಅಂತ ಎರಡು ಮಾಡಿ. ಇರುವುದಕ್ಕೆ ಲೇಬಲ್ ಮೇಲೆ 15 ದಿನ ಅಂತಲೇ ಹಾಕಿ, ಆರ್ಡರ್ ಬಂದ ಮೇಲೆ ಮಾಡಿ.

ಹುಚ್ಚೆಳ್ಳು_ತುಮಕೂರು

ಬಿಸಿ ಇದ್ದಾಗಲೇ ತುಂಬುತ್ತಿದ್ದೆ ಅಣ್ಣ, ಮಗು ಏಳುವುದರೊಳಗೆ ಮುಗಿಸಬೇಕು ಅಂತ. ಇನ್ನು ರಾತ್ರಿ ಹುರಿದು ಆರಲು ಬಿಟ್ಟು, ಬೆಳಿಗ್ಗೆ ತುಂಬುತ್ತೇನೆ. ಸೋಮವಾರಕ್ಕೆ ಏಳು ಪಾರ್ಸೆಲ್ ಇದೆ, ಧಾರವಾಡದವರದ್ದೂ ಸೇರಿ.